ಬಿಳಿ ಸೆರಗಿಗೆ ಗರ್ಭಕೋಶವನ್ನೇ ತೆಗೆಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 36 ವರ್ಷ. ಮದ್ದೂರು ತಾಲ್ಲೂಕಿನ ಹಳ್ಳಿ ನಮ್ಮದು. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ಯಜಮಾನರು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ. ಇಬ್ಬರು ಮಕ್ಕಳು, ದೊಡ್ಡವಳಿಗೆ 12. ಎರಡನೇ ಹೆರಿಗೆ ಆದಾಗಲೇ, 26ನೇ ವಯಸ್ಸಿಗೆ, ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡೆ. ಒಂದೂವರೆ ವರ್ಷದಿಂದ ಬಿಳುಪು ಹೋಗುತ್ತಿದೆ. ವಾಸನೆ ಇದೆ, ಆಗಾಗ ನವೆ. ಗಂಡನ ಜೊತೆ ಸೇರುವಾಗ ನೋವು, ಅದಕ್ಕೆ ದೂರ ಇರುತ್ತೇನೆ. ಅವರಿಗೆ ಸಿಟ್ಟು, ಜೊತೆಗೆ ಅನುಮಾನ ಬೇರೆ. ಮೆಡಿಕಲ್‌ನಲ್ಲಿ ಮೂರ್ನಾಲ್ಕು ಸಲ ಮಾತ್ರೆ ತಗೊಂಡೆ, ನಿಂತ ಹಾಗಾಗಿ ಮತ್ತೆ ಶುರುವಾಯಿತು. ಹೋದ ತಿಂಗಳು ಒಂದು ನರ್ಸಿಂಗ್ ಹೋಮ್‌ಗೆ ಹೋದೆ. ಹೊಟ್ಟೆ ಸ್ಕ್ಯಾನ್ ಮಾಡಿ, "ಗರ್ಭಕೋಶದ ಬಾಯಿಗೆ ಹುಣ್ಣಾಗಿದೆ, ಊತ ಇದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ. ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ" ಅಂದರು. 45 ಸಾವಿರ ಆಗುತ್ತದಂತೆ. ಸಂಘದಲ್ಲಿ ಸಾಲ ಕೇಳಿದ್ದೇನೆ. ಅತ್ತೆ ಎಲ್ಲ ಉಷ್ಣ ಅಂತಾರೆ. ಮೈಸೂರಿನಲ್ಲಿರುವ ನಮ್ಮ ವಾರಗಿತ್ತಿ ಬ್ಯಾಂಕ್ ಕೆಲಸದಲ್ಲಿದ್ದಾರೆ, "ಕ್ಲೀನಾಗಿದ್ದರೆ ಇವೆಲ್ಲ ಬರಲ್ಲ ಕಣೇ" ಅಂದರು. ಇದು ನಮ್ಮಂಥ ಬಡವರಿಗೇ ಬರುವ ಕಾಯಿಲೆಯಾ? ತೆಗೆಸಲಾ, ಬೇಡವಾ?

ಉತ್ತರ: ಸಂಘದ ಸಾಲಕ್ಕೆ ಇನ್ನೂ ಸಹಿ ಹಾಕಿಲ್ಲ ಅಂದರೆ ಸದ್ಯಕ್ಕೆ ಹಾಕಬೇಡಿ. ನಿಮ್ಮನ್ನು ಪರೀಕ್ಷೆ ಮಾಡದೆ ಕಾಯಿಲೆ ಇಂಥದ್ದೇ ಅಂತ ನಾನು ಹೇಳಲು ಆಗುವುದಿಲ್ಲ. ಆದರೆ ನೀವು ಬರೆದಿರುವುದರಲ್ಲಿ ಗರ್ಭಕೋಶ ತೆಗೆಯಲೇಬೇಕು ಅನ್ನುವಂಥ ಕಾರಣ ಒಂದೂ ಕಾಣಲಿಲ್ಲ. ತೆಗೆಯುವ ಮಾತಿಗೆ ಮೊದಲು ಆಗಬೇಕಾದ ಪರೀಕ್ಷೆಗಳು ಆಗಿಲ್ಲ ಅನ್ನುವುದು ಮಾತ್ರ ಪತ್ರದಲ್ಲೇ ಗೊತ್ತಾಗುತ್ತಿದೆ.

ನಿಮಗೆ ಕಾಯಿಲೆಯ ಚಿಂತೆ ಒಂದು ಕಡೆ. ಅದಕ್ಕಿಂತ ಜಾಸ್ತಿ ನೋಯಿಸಿರುವುದು ವಾರಗಿತ್ತಿಯ ಮಾತು ಅಂತ ನನಗನಿಸುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಬಿಳುಪು ಹೋಗುವುದೆಲ್ಲ ಕಾಯಿಲೆಯಲ್ಲ. ಮುಟ್ಟು ಶುರುವಾದ ಪ್ರತಿ ಹೆಂಗಸಿಗೂ ಸ್ವಲ್ಪ ಸ್ರಾವ ಇದ್ದೇ ಇರುತ್ತದೆ. ತಿಂಗಳ ನಡುವೆ ಲೋಳೆಯ ಹಾಗೆ ಜಾಸ್ತಿಯಾಗುತ್ತದೆ, ಮುಟ್ಟಿನ ಮುಂಚೆ ಗಟ್ಟಿಯಾಗುತ್ತದೆ. ಇದರಿಂದ ಮೂಳೆ ಕರಗುವುದಿಲ್ಲ, ಶಕ್ತಿ ಸೋರಿಹೋಗುವುದಿಲ್ಲ. ಸುಸ್ತು, ಸೊಂಟ ನೋವು, ಕಣ್ಣು ಕತ್ತಲೆ ಎಲ್ಲವನ್ನೂ ನಮ್ಮ ಕಡೆ ಬಿಳಿ ಸೆರಗಿನ ತಲೆಗೆ ಕಟ್ಟುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದರೆ ಬಹಳ ಸಲ ಸಿಗುವುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತ ಕಡಿಮೆ ಇತ್ತು. ಅತ್ತೆಯವರು ಹೇಳುವ ಉಷ್ಣಕ್ಕೆ ಎಳನೀರು, ಮಜ್ಜಿಗೆ ಕುಡಿದರೆ ಒಳ್ಳೆಯದೇ, ಕೆಟ್ಟದ್ದೇನಿಲ್ಲ. ಸೋಂಕು ಮಾತ್ರ ಅದರಿಂದ ಹೋಗುವುದಿಲ್ಲ.

ನಿಮ್ಮದರಲ್ಲಿ ವಾಸನೆ ಇದೆ, ನವೆ ಇದೆ, ಮತ್ತೆ ಮತ್ತೆ ಬರುತ್ತಿದೆ. ಹಾಗಾಗಿ ಸೋಂಕು ಇರಬಹುದು. ಮುಖ್ಯವಾಗಿ ಮೂರು ಬಗೆ. ಒಂದು, ಬ್ಯಾಕ್ಟೀರಿಯಲ್ ವಜೈನೋಸಿಸ್. ಯೋನಿಯಲ್ಲಿ ಸಹಜವಾಗಿ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ, ಅಲ್ಲಿ ಹುಳಿಯ ಗುಣ ಕಾಪಾಡುತ್ತವೆ. ಅವು ಕಡಿಮೆಯಾದರೆ ಬೇರೆಯವು ಬೆಳೆದು ತೆಳ್ಳನೆಯ ಬೂದು ಬಿಳುಪು, ಮೀನಿನಂಥ ವಾಸನೆ ಬರುತ್ತದೆ. ಎರಡನೆಯದು ಫಂಗಸ್. ಮೊಸರು ಒಡೆದ ಹಾಗೆ ಸ್ರಾವ, ತಡೆಯಲಾರದ ನವೆ. ಮೂರನೆಯದು ಟ್ರೈಕೊಮೊನಾಸ್. ಇದು ಗಂಡಹೆಂಡತಿ ಸೇರುವುದರಿಂದಲೇ ಹರಡುವಂಥದ್ದು. ಒಂದೇ ಸಲಕ್ಕೆ ಎರಡು ಇರುವುದೂ ಉಂಟು.

ಈಗ ವಾರಗಿತ್ತಿಯವರ ಮಾತು. ಮೈಸೂರಿನಲ್ಲಿ 2000ರ ದಶಕದ ನಡುವೆ ಸುಮಾರು 900 ಯುವತಿಯರನ್ನು ಪರೀಕ್ಷಿಸಿ ಒಂದು ಅಧ್ಯಯನ ಮಾಡಿದ್ದರು. ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಇತ್ತು. ಇದು ಬಂದವರಲ್ಲಿ ಅರ್ಧದಷ್ಟು ಜನರಿಗೆ ಬಂದಿರುವುದೇ ಗೊತ್ತಾಗುವುದಿಲ್ಲ. ಮೈಸೂರಿನ ಕುವೆಂಪುನಗರದ ಮನೆಯಲ್ಲೂ ಬರುತ್ತದೆ, ನಿಮ್ಮ ಕಡೆಯ ಕೊಪ್ಪದ ಮನೆಯಲ್ಲೂ ಬರುತ್ತದೆ. "ಕ್ಲೀನ್" ಅನ್ನುವುದು ಅತಿಯಾದರೂ ತೊಂದರೆಯೇ. ಒಳಗೆ ಬೆರಳು ಹಾಕಿ ಸೋಪಿನಿಂದ ತೊಳೆಯುವುದು, ಡೆಟಾಲ್ ನೀರು ಬಳಸುವುದು, ಜಾಹೀರಾತು ನೋಡಿ ವಾಶ್ ತಂದು ದಿನಾ ಹಾಕುವುದು, ಇವೆಲ್ಲ ಆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತವೆ. ಚೆನ್ನಾಗಿ ಓದಿದ, ಕೈತುಂಬ ಸಂಬಳ ಇರುವ ಹೆಂಗಸರು ಇದೇ ತಪ್ಪು ಮಾಡಿಕೊಂಡು ನನ್ನ ಹತ್ತಿರ ಬರುತ್ತಾರೆ. ಹೊರಗೆ ಬರೀ ನೀರಿನಲ್ಲಿ ತೊಳೆದುಕೊಂಡರೆ ಸಾಕು. ಒಳಗಿನದನ್ನು ದೇಹವೇ ನೋಡಿಕೊಳ್ಳುತ್ತದೆ.

ಹಾಗಾದರೆ ಬಡತನಕ್ಕೂ ಇದಕ್ಕೂ ಸಂಬಂಧವೇ ಇಲ್ಲವಾ? ಇದೆ, ತುಂಬಾ ಇದೆ. ಆದರೆ ಅದು ಬಡವರು ಕೊಳಕು ಅನ್ನುವ ಸಂಬಂಧವಲ್ಲ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ, "ಬೆಳಗ್ಗೆ ತುಂಬಿಸಿಕೊಂಡು ಹೋದ ನೀರಿನ ಬಾಟಲಿ ಸಂಜೆ ಎಷ್ಟು ಖಾಲಿಯಾಗಿರುತ್ತೆ?" ಬಹಳ ಜನ ನಗುತ್ತಾರೆ. ಬ್ಯಾಗಿನಿಂದ ತೆಗೆದು ತೋರಿಸಿದವರೂ ಇದ್ದಾರೆ, ಮುಚ್ಚಳದವರೆಗೂ ನೀರು ಹಾಗೇ ಇರುತ್ತದೆ. ಕುಡಿದರೆ ಏಳಬೇಕು, ಎದ್ದರೆ ಲೈನ್ ನಿಲ್ಲುತ್ತದೆ, ಟಾರ್ಗೆಟ್ ಹೋಗುತ್ತದೆ, ಸೂಪರ್‌ವೈಸರ್ ಬೈಯುತ್ತಾರೆ. ಅದಕ್ಕೆ ಕುಡಿಯುವುದೇ ಇಲ್ಲ. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಎಂಟು ಗಂಟೆ ಕೂತರೆ ಉರಿಮೂತ್ರ ಬರದೆ ಇನ್ನೇನಾಗುತ್ತದೆ? ಮುಟ್ಟಿನ ದಿನ ಒಂದೇ ಪ್ಯಾಡ್ ಇಡೀ ದಿನ. ಬೇಸಿಗೆಯಲ್ಲಿ ಶೀಟಿನ ಛಾವಣಿಯ ಕೆಳಗೆ ಬೆವರಿನಲ್ಲಿ ನೆನೆದ ಬಟ್ಟೆ. ಕಾರ್ಖಾನೆಯಲ್ಲಿ ಶೌಚಾಲಯ, ಕುಡಿಯುವ ನೀರು ಇರಲೇಬೇಕು ಅಂತ ಕಾನೂನಿದೆ. ಇದ್ದರೆ ಸಾಲದು, ಹೋಗಲು ಬಿಡಬೇಕು ಅಲ್ವಾ.

ಮನೆಗೆ ಬಂದರೂ ಅಷ್ಟೇ. ಬಟ್ಟೆ ಬಳಸುವುದರಲ್ಲಿ ತಪ್ಪಿಲ್ಲ, ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿದರೆ ಅದು ಸುರಕ್ಷಿತ. ಆದರೆ ಮಾವ, ಮೈದುನ ಓಡಾಡುವ ಅಂಗಳದಲ್ಲಿ ಅದನ್ನು ಯಾರು ಹರವುತ್ತಾರೆ? ಬಚ್ಚಲಿನ ಮೂಲೆಯಲ್ಲೋ, ಸೀರೆಯ ಅಡಿಯಲ್ಲೋ ಬಚ್ಚಿಟ್ಟು, ಅರ್ಧ ಒಣಗಿದ್ದನ್ನೇ ಮತ್ತೆ ಇಟ್ಟುಕೊಳ್ಳುತ್ತಾರೆ. ಜನೌಷಧಿ ಅಂಗಡಿಯಲ್ಲಿ ಸುವಿಧಾ ಪ್ಯಾಡ್ ಒಂದಕ್ಕೆ ಒಂದು ರೂಪಾಯಿ. ಮಗಳಿಗೂ ಅನುಕೂಲ, ಕೇಳಿ ನೋಡಿ.

ಮಕ್ಕಳಾಗದ ಹಾಗೆ ಮಾಡಿಸಿಕೊಂಡ ಆಪರೇಷನ್ ವಿಷಯಕ್ಕೆ ಬರುತ್ತೇನೆ. ಅದರಿಂದಲೇ ಬಿಳುಪು ಶುರುವಾಯಿತು ಅಂತ ಎಷ್ಟೋ ಜನ ನಂಬಿದ್ದಾರೆ, ಅದು ನಿಜವಲ್ಲ. ಆದರೆ ಒಂದು ಸುತ್ತುಬಳಸಿನ ಸಂಬಂಧ ಇದೆ. ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 57 ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರು ಮಾಡಿಸಿಕೊಂಡಿದ್ದು ಲೆಕ್ಕಕ್ಕೇ ಸಿಗುವುದಿಲ್ಲ. ಅದಾದ ಮೇಲೆ ಮಕ್ಕಳಾಗುವ ಭಯ ಇಲ್ಲ, ಕಾಂಡೋಮ್ ಮಾತೂ ಇಲ್ಲ. ಆಪರೇಷನ್ ಬಸಿರನ್ನು ತಡೆಯುತ್ತದೆ, ಸೋಂಕನ್ನು ತಡೆಯುವುದಿಲ್ಲ. ಇಪ್ಪತ್ತೈದರ ಆಸುಪಾಸಿಗೆ ಹೆಂಗಸಿಗೂ ಆಸ್ಪತ್ರೆಗೂ ಇದ್ದ ನಂಟು ಮುಗಿದ ಹಾಗೆ. ಹೆರಿಗೆಗೆ ಮನೆಬಾಗಿಲಿಗೆ ಬಂದು ವಿಚಾರಿಸುತ್ತಿದ್ದ ವ್ಯವಸ್ಥೆ, ಆಮೇಲೆ ಅವಳ ದೇಹಕ್ಕೆ ಏನಾಯಿತು ಅಂತ ಕೇಳುವುದು ಕಡಿಮೆ.

ಬಡತನದ ದೊಡ್ಡ ಪೆಟ್ಟು ಬೀಳುವುದು ಚಿಕಿತ್ಸೆಯಲ್ಲಿ. ನೀವು ಮೆಡಿಕಲ್‌ಗೆ ಯಾಕೆ ಹೋದಿರಿ ಅಂತ ನನಗೆ ಗೊತ್ತು. ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಇಲ್ಲ, ಸರಿ. ಆಸ್ಪತ್ರೆಗೆ ಒಂದು ದಿನ ಹೋದರೆ ಆ ದಿನದ ಸಂಬಳ ಹೋಗುತ್ತದೆ, ಹಾಜರಾತಿ ಬೋನಸ್ಸೂ ಹೋಗುತ್ತದೆ. ಮೆಡಿಕಲ್‌ನಲ್ಲಿ ಹತ್ತು ನಿಮಿಷದ ಕೆಲಸ. ಅಲ್ಲಿ ಕೊಡುವುದು ಎರಡು ದಿನದ ಮಾತ್ರೆ. ವಾಸನೆ ನಿಲ್ಲುತ್ತದೆ, ಸೋಂಕು ಉಳಿಯುತ್ತದೆ, ತಿಂಗಳಲ್ಲಿ ಮತ್ತೆ ಬರುತ್ತದೆ. ನವೆಗೆ ಅಂತ ಕೊಡುವ ಎಷ್ಟೋ ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಸೇರಿರುತ್ತದೆ. ಹಚ್ಚಿದ ದಿನ ಹಾಯೆನಿಸುತ್ತದೆ, ಒಳಗೆ ಫಂಗಸ್ ಇನ್ನೂ ಹಬ್ಬುತ್ತದೆ, ಚರ್ಮ ತೆಳ್ಳಗಾಗುತ್ತದೆ. ಅಂಥ ಟ್ಯೂಬ್ ಮನೆಯಲ್ಲಿದ್ದರೆ ಹಚ್ಚುವುದನ್ನು ನಿಲ್ಲಿಸಿ, ಆಸ್ಪತ್ರೆಗೆ ಹೋಗುವಾಗ ಅದನ್ನೂ ಕೈಲಿ ತಗೊಂಡು ಹೋಗಿ ತೋರಿಸಿ.

ಇನ್ನು "ಹುಣ್ಣು". ಈ ಒಂದು ಮಾತಿಗೆ ಹೆದರಿ ಗರ್ಭಕೋಶ ಕಳೆದುಕೊಂಡವರನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ. ಹೊಟ್ಟೆಯ ಮೇಲೆ ಮಾಡುವ ಸ್ಕ್ಯಾನ್‌ನಲ್ಲಿ ಗರ್ಭಕೋಶದ ಬಾಯಿಯ ಹುಣ್ಣು ಕಾಣುವುದೇ ಇಲ್ಲ. ಸ್ಪೆಕ್ಯುಲಮ್ ಅನ್ನುವ ಸಾಧನ ಹಾಕಿ, ಬೆಳಕು ಬಿಟ್ಟು, ಕಣ್ಣಾರೆ ನೋಡಬೇಕು. ನೋಡಿದಾಗಲೂ ಅಲ್ಲಿ ಕೆಂಪಗೆ ಕಾಣುವುದು ಬಹುಪಾಲು ಹುಣ್ಣಲ್ಲ. ಗರ್ಭಕೋಶದ ಬಾಯಿಯ ಒಳಗಿನ ಕೆಂಪು ಪದರ ಸ್ವಲ್ಪ ಹೊರಗೆ ಚಾಚಿಕೊಂಡಿರುತ್ತದೆ, ತುಟಿಯ ಒಳಭಾಗ ಮಡಿಸಿದರೆ ಕೆಂಪಗೆ ಕಾಣುವ ಹಾಗೆ. ಮಕ್ಕಳಾಗುವ ವಯಸ್ಸಿನಲ್ಲಿ ಇದು ಮಾಮೂಲು. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವಂಥದ್ದೂ ಅಲ್ಲ. "ಊತ" ಅಂದಿದ್ದೂ ಅಷ್ಟೇ. ಎರಡು ಹೆರಿಗೆ ಆದವರ ಗರ್ಭಕೋಶ ಸ್ವಲ್ಪ ದೊಡ್ಡದಾಗಿಯೇ ಇರುತ್ತದೆ.

ಇನ್ನೊಂದು ವಿಷಯ ಗಮನಿಸಿ. ನಾನು ಹೇಳಿದ ಮೂರೂ ಸೋಂಕು ಇರುವುದು ಯೋನಿಯಲ್ಲಿ. ಗರ್ಭಕೋಶ ತೆಗೆದ ಮೇಲೂ ಯೋನಿ ಅಲ್ಲೇ ಇರುತ್ತದೆ. 45 ಸಾವಿರ ಕೊಟ್ಟು ಆಪರೇಷನ್ ಮಾಡಿಸಿಕೊಂಡು, ಆರು ತಿಂಗಳಿಗೆ "ಡಾಕ್ಟ್ರೇ, ಬಿಳುಪು ಇನ್ನೂ ಹೋಗ್ತಾನೇ ಇದೆ" ಅಂತ ಬಂದವರು ಒಬ್ಬಿಬ್ಬರಲ್ಲ.

ಹೀಗೆ ಆಗುವುದು ಯಾರಿಗೆ ಅಂತ ನೋಡಿದರೆ ನಿಮ್ಮ ಬಡತನದ ಪ್ರಶ್ನೆಗೆ ಉತ್ತರ ಸಿಗುತ್ತದೆ. ದೇಶದ ಸಮೀಕ್ಷೆಗಳಲ್ಲಿ ಗರ್ಭಕೋಶ ತೆಗೆಸಿಕೊಂಡವರ ಪ್ರಮಾಣ ಶಾಲೆಯ ಮುಖ ನೋಡದ ಹೆಂಗಸರಲ್ಲೇ ಜಾಸ್ತಿ, ಮತ್ತು ಬಹುಪಾಲು ಆಪರೇಷನ್ ಆಗಿದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಬೇಡದ ಆಪರೇಷನ್ ಮಾಡಿದ್ದು 2015ರ ಹೊತ್ತಿಗೆ ದೊಡ್ಡ ಸುದ್ದಿಯಾಗಿತ್ತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರು ಮುಟ್ಟಿನ ದಿನವೂ ಕೂಲಿ ತಪ್ಪಬಾರದು ಅಂತ ಗರ್ಭಕೋಶ ತೆಗೆಸಿಕೊಂಡ ವಿಷಯ 2019ರಲ್ಲಿ ಹೊರಬಂತು. ಮೂರು ವರ್ಷದಲ್ಲಿ ಆ ಒಂದು ಜಿಲ್ಲೆಯಲ್ಲೇ 4,600ಕ್ಕೂ ಜಾಸ್ತಿ ಆಪರೇಷನ್ ಅಂತ ಅಲ್ಲಿನ ಸರ್ಕಾರವೇ ಹೇಳಿತು. ನಮ್ಮದೂ ಕಬ್ಬಿನ ಜಿಲ್ಲೆ, ಅದನ್ನು ಓದಿದಾಗ ನನಗೆ ನಿದ್ದೆ ಬರಲಿಲ್ಲ. ಕೊನೆಗೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬೇಡದ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾಡಿದ್ದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಹೇಳಿತು.

ಗರ್ಭಕೋಶ ತೆಗೆಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದರೆ, ದೊಡ್ಡ ಗೆಡ್ಡೆಗಳಿದ್ದು ಔಷಧಿಗೂ ನಿಲ್ಲದ ರಕ್ತಸ್ರಾವ ಇದ್ದರೆ, ಗರ್ಭಕೋಶ ಕೆಳಗೆ ಜಾರಿ ಹೊರಬಂದಿದ್ದರೆ, ಆಗ ಅದು ಸರಿಯಾದ ಆಪರೇಷನ್. ನಾನೇ ಎಷ್ಟೋ ಮಾಡಿದ್ದೇನೆ, ಆಮೇಲೆ ಅವರ ಬದುಕು, ದಾಂಪತ್ಯ ಎರಡೂ ಸುಧಾರಿಸಿವೆ. ಆದರೆ 36ಕ್ಕೆ ಕಾರಣವಿಲ್ಲದೆ ತೆಗೆದರೆ ಬೆಲೆ ದೊಡ್ಡದು. ಅಂಡಾಶಯವನ್ನೂ ಜೊತೆಗೆ ತೆಗೆದರೆ ಮಾರನೇ ದಿನದಿಂದಲೇ ಮುಟ್ಟು ನಿಂತ ವಯಸ್ಸಿನ ತೊಂದರೆಗಳು ಶುರು. ಮೈ ಬಿಸಿಯೇರಿ ಬೆವರುವುದು, ನಿದ್ದೆ ಇಲ್ಲದಿರುವುದು, ಮೂಳೆ ಸವೆಯುವುದು. ವಯಸ್ಸಿಗೆ ಮುಂಚೆ ಹೃದಯದ ಕಾಯಿಲೆಯ ಅಪಾಯವೂ ಏರುತ್ತದೆ. ಯೋನಿ ಒಣಗುವುದರಿಂದ ಗಂಡನ ಜೊತೆ ಸೇರುವಾಗಿನ ನೋವು ಇನ್ನೂ ಜಾಸ್ತಿಯಾಗುತ್ತದೆ. ಅಂಡಾಶಯ ಬಿಟ್ಟರೂ ಕೆಲವರಿಗೆ ಅದು ಬೇಗ ಕೆಲಸ ನಿಲ್ಲಿಸುತ್ತದೆ. ಮತ್ತಿಬ್ಬರು ಡಾಕ್ಟರ ಅಭಿಪ್ರಾಯ ಕೇಳದೆ ಒಪ್ಪುವ ವಿಷಯ ಇದಲ್ಲ.

ಈಗ ಏನು ಮಾಡಬೇಕು ಅಂತ ಹೇಳುತ್ತೇನೆ.

ನಿಮ್ಮ ಸಂಬಳದಲ್ಲಿ ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆ) ಅಂತ ನೂರಕ್ಕೆ ಮುಕ್ಕಾಲು ರೂಪಾಯಿ ಮುರಿದುಕೊಳ್ಳುತ್ತಾರೆ, ಸಂಬಳದ ಚೀಟಿ ನೋಡಿ. ಅದು ನಿಮ್ಮದೇ ದುಡ್ಡು. ಆ ಕಾರ್ಡಿನಲ್ಲಿ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಬಹುದು, ಅಲ್ಲಿಂದ ಮೈಸೂರಿನ ಇಎಸ್‌ಐ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಅದಾಗದಿದ್ದರೆ ಮದ್ದೂರಿನ ತಾಲ್ಲೂಕು ಆಸ್ಪತ್ರೆ, ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಇವೆ. ಸರದಿ ಉದ್ದ ಇರುತ್ತದೆ, ಬೆಳಗ್ಗೆ ಬೇಗ ಹೋಗಿ. ಲೈಂಗಿಕ ಸೋಂಕುಗಳಿಗೆ ಅಂತಲೇ ಇರುವ ಸುರಕ್ಷಾ ಕ್ಲಿನಿಕ್ ಎಲ್ಲಿದೆ ಅಂತ ಅಲ್ಲೇ ಕೇಳಿ. ಅಲ್ಲಿ ತಪಾಸಣೆಯೂ ಔಷಧಿಯೂ ಉಚಿತ. ಬಿಳಿ ಸೆರಗಿಗೆ ಕೊಡುವ ಹಸಿರು ಪ್ಯಾಕೆಟ್‌ನಲ್ಲಿ ಬ್ಯಾಕ್ಟೀರಿಯಾ ಮತ್ತು ಫಂಗಸ್ ಎರಡಕ್ಕೂ ಔಷಧಿ ಇರುತ್ತದೆ.

ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, "ಸ್ಪೆಕ್ಯುಲಮ್ ಹಾಕಿ ನೋಡಿ, ಸ್ರಾವದ ಪರೀಕ್ಷೆ ಮಾಡಿ." ಹೀಗೆ ಕೇಳಲು ನಾಚಿಕೆ ಬೇಡ, ಕೇಳಿದರೆ ನಮಗೆ ಸಂತೋಷವೇ. ಜೊತೆಗೆ ರಕ್ತದ ಪ್ರಮಾಣ, ಮೂತ್ರ, ಸಕ್ಕರೆ ಪರೀಕ್ಷೆ ಆಗಲಿ. ನವೆ ಪದೇ ಪದೇ ಬರುವವರಲ್ಲಿ ಗೊತ್ತಿಲ್ಲದ ಸಕ್ಕರೆ ಕಾಯಿಲೆ ಸಿಗುವುದುಂಟು. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅನುಮಾನಕ್ಕಲ್ಲ, ಸೋಂಕು ಮರುಕಳಿಸುವ ಎಲ್ಲರಿಗೂ ನಾವು ಮಾಡಿಸುತ್ತೇವೆ. ಕೊಟ್ಟ ಮಾತ್ರೆ ಪೂರ್ತಿ ಮುಗಿಸಿ, ವಾಸನೆ ನಿಂತಿತು ಅಂತ ನಡುವೆ ಬಿಡಬೇಡಿ.

ನಿಮ್ಮ ಯಜಮಾನರ ಅನುಮಾನದ ಬಗ್ಗೆ. ಬ್ಯಾಕ್ಟೀರಿಯಲ್ ವಜೈನೋಸಿಸ್, ಫಂಗಸ್ ಇವೆರಡೂ ಯಾರ ನಡತೆಗೂ ಸಾಕ್ಷಿಯಲ್ಲ. ಪರೀಕ್ಷೆಯಲ್ಲಿ ಟ್ರೈಕೊಮೊನಾಸ್‌ನಂಥದ್ದು ಬಂದರೆ ಇಬ್ಬರೂ ಮಾತ್ರೆ ತೆಗೆದುಕೊಳ್ಳಬೇಕು. ಗಂಡಸರಲ್ಲಿ ಅದು ಸುಳಿವೇ ಕೊಡದೆ ಇರುತ್ತದೆ. ಅವರು ಮಾತ್ರೆ ತಗೊಳ್ಳದಿದ್ದರೆ ನಿಮಗೆ ಮತ್ತೆ ಬರುತ್ತದೆ. ಚಿಕಿತ್ಸೆ ಮುಗಿಯುವವರೆಗೆ ಸೇರಬೇಡಿ, ಇಲ್ಲವೆ ಕಾಂಡೋಮ್ ಬಳಸಿ. "ಡಾಕ್ಟರು ಹೇಳಿದ್ದಾರೆ" ಅಂತ ನನ್ನ ಹೆಸರಲ್ಲೇ ಹೇಳಿ. ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಹೋಗಿ. ಎದುರಿಗೆ ಕೂರಿಸಿ ಹೇಳಿದರೆ ಬಹಳ ಗಂಡಸರು ಕೇಳುತ್ತಾರೆ, ನನ್ನ ಅನುಭವದಲ್ಲಿ ಅವರಿಗೂ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಆದರೆ ಸಿಟ್ಟು ಕೈಮಾಡುವ ಮಟ್ಟಕ್ಕೆ ಹೋಗಿದ್ದರೆ 181ಕ್ಕೆ ಫೋನ್ ಮಾಡಿ, ಅದು ಹೆಂಗಸರ ಸಹಾಯವಾಣಿ.

ಸೋಂಕು ವಾಸಿಯಾದರೆ ನೋವೂ ಬಹಳಷ್ಟು ಇಳಿಯುತ್ತದೆ. ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ಹತ್ತು ಗಂಟೆ ದುಡಿದು, ಅಡುಗೆ ಮಾಡಿ, ಪಕ್ಕದಲ್ಲೇ ಮಲಗಿರುವ ಮಕ್ಕಳು ಎದ್ದುಬಿಟ್ಟಾರು ಅನ್ನುವ ಭಯದಲ್ಲಿ ಅವಸರವಾಗಿ ನಡೆಯುವುದರಲ್ಲಿ ದೇಹ ಸಿದ್ಧವಾಗಿರುವುದಿಲ್ಲ. ಮೈ ಬಿಗಿಯುತ್ತದೆ, ಒದ್ದೆ ಇರುವುದಿಲ್ಲ, ನೋಯುತ್ತದೆ. ಒಂದೇ ಕೋಣೆಯ ಮನೆಗಳಲ್ಲಿ ಇದು ಎಷ್ಟು ಸಾಮಾನ್ಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೇಡ ಅನಿಸಿದ ದಿನ ಬೇಡ ಅನ್ನುವುದು ತಪ್ಪಲ್ಲ. ಗೋವಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ, ಬಿಳಿ ಸೆರಗು ಅಂತ ದೂರು ಹೇಳಿದವರಲ್ಲಿ ಸೋಂಕಿಗಿಂತ ಮನಸ್ಸಿನ ಒತ್ತಡ, ದಣಿವಿನ ನಂಟೇ ಜಾಸ್ತಿ ಕಂಡಿತ್ತು. ನಿದ್ದೆ ಬರುತ್ತಿಲ್ಲ, ಅಳು ಬರುತ್ತದೆ ಅನ್ನುವುದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಕ್ಯಾನ್ಸರ್ ಭಯವನ್ನು ಪರೀಕ್ಷೆಯಿಂದಲೇ ಹೋಗಲಾಡಿಸಬಹುದು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ನಮ್ಮ ದೇಶದ ಹೆಂಗಸರಲ್ಲಿ ಎರಡನೇ ಸ್ಥಾನದಲ್ಲಿದೆ. ಅದು ಎಚ್‌ಪಿವಿ ಅನ್ನುವ ವೈರಸ್‌ನಿಂದ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ, ಮುಂಚೆಯೇ ಹಿಡಿಯಲು ಸಮಯ ಸಿಗುತ್ತದೆ. ಹತ್ತಿಯನ್ನು ವಿನಿಗರ್‌ನಂಥ ತೆಳು ಆಮ್ಲದಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡುತ್ತಾರೆ. ಬದಲಾದ ಜಾಗ ಇದ್ದರೆ ಬೆಳ್ಳಗಾಗುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದ ಎಲ್ಲ ಹೆಂಗಸರಿಗೂ ಐದು ವರ್ಷಕ್ಕೊಮ್ಮೆ ಇದು ಆಗಬೇಕು, ಆದರೆ 2019–21ರ ಸಮೀಕ್ಷೆ ವೇಳೆಗೆ ದೇಶದಲ್ಲಿ ನೂರಕ್ಕೆ ಇಬ್ಬರಿಗೂ ಆಗಿರಲಿಲ್ಲ. ಇದನ್ನು, ಇಲ್ಲವೆ ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡುವ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಯನ್ನು ಈ ಭೇಟಿಯಲ್ಲೇ ಕೇಳಿ ಮಾಡಿಸಿಕೊಳ್ಳಿ. ಸೇರಿದ ಮೇಲೆ ರಕ್ತ ಕಾಣಿಸಿದರೆ, ಮುಟ್ಟಿನ ನಡುವೆ ರಕ್ತ ಹೋದರೆ, ಜ್ವರದ ಜೊತೆ ಕಿಬ್ಬೊಟ್ಟೆ ಜೋರಾಗಿ ನೋಯುತ್ತಿದ್ದರೆ ರಜೆ ಸಿಗುವವರೆಗೆ ಕಾಯಬೇಡಿ.

ನಿಮ್ಮ ಮಗಳಿಗೆ 12 ಅಂದಿರಿ. ಎಚ್‌ಪಿವಿ ಲಸಿಕೆ 9ರಿಂದ 14 ವರ್ಷದೊಳಗೆ ಹಾಕಿಸಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ದೇಶದಲ್ಲೇ ತಯಾರಾದ ಸರ್ವಾವ್ಯಾಕ್ 2023ರಿಂದ ಸಿಗುತ್ತಿದೆ. ಹೊರಗೆ ಹಾಕಿಸಿದರೆ ದುಡ್ಡು ಬೀಳುತ್ತದೆ, ಹಾಗಾಗಿ ಸರ್ಕಾರದ ಕಡೆಯಿಂದ ಅವಳಿಗೆ ಯಾವಾಗ ಸಿಗುತ್ತದೆ ಅಂತ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಈ ವಾರವೇ ವಿಚಾರಿಸಿ. ಆ ಸ್ಕ್ಯಾನ್ ರಿಪೋರ್ಟ್, ಈವರೆಗೆ ತಗೊಂಡ ಮಾತ್ರೆಗಳ ಖಾಲಿ ಸ್ಟ್ರಿಪ್ ಎಲ್ಲ ಒಂದು ಕವರಿಗೆ ಹಾಕಿಟ್ಟುಕೊಳ್ಳಿ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮತ್ತೆ ಬರೆಯಿರಿ, ನೋಡಿ ಹೇಳುತ್ತೇನೆ.